ಮಕ್ಕಳೊಡನೆ ಡಿಸೆಂಬರ್ ರಜೆ: ಮಾಗಡಿ ಕೆರೆಯಿಂದ ಗೋಳಗುಮ್ಮಟದವರೆಗೆ

ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಚಿಕ್ಕ ಮಕ್ಕಳಿಗೆ ತೋರಿಸಬೇಕೆಂದರೆ ಡಿಸೆಂಬರ್ ಕೊನೆಯ ವಾರಕ್ಕಿಂತ ಒಳ್ಳೆಯ ಕಾಲವಿಲ್ಲ ಎಂಬುದು ಹೋಗಿ ಬಂದ ಮೇಲೆ ನನ್ನಲ್ಲಿ ಗಟ್ಟಿಯಾದ ಅಭಿಪ್ರಾಯ. ಬೇಸಿಗೆ ರಜೆ ಉದ್ದವಾಗಿರುತ್ತದೆ, ನಿಜ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಆ ಸೀಮೆಯ ಉಷ್ಣಾಂಶ 40 ಡಿಗ್ರಿಯನ್ನು ಮುಟ್ಟುತ್ತದೆ. ಗುಡಿಯ ಅಂಗಳದ ಮರಳುಗಲ್ಲು ಬರಿಗಾಲು ಊರಲಾಗದಷ್ಟು ಕಾಯುತ್ತದೆ. ದೊಡ್ಡವರೇ ನೆರಳು ಹುಡುಕಿಕೊಂಡು ಕೂರುವಾಗ ಮಕ್ಕಳಿಂದ ಶಿಲ್ಪ ನೋಡುವ ತಾಳ್ಮೆಯನ್ನು ನಿರೀಕ್ಷಿಸುವುದು ಅನ್ಯಾಯ. ಕ್ರಿಸ್‌ಮಸ್ ರಜೆ ಚಿಕ್ಕದಾದರೂ ಆ ದಿನಗಳಲ್ಲಿ ಬೆಳಗು ತಣ್ಣಗಿರುತ್ತದೆ, ಹೊಲಗಳು ಹಸಿರಾಗಿರುತ್ತವೆ, ಮಧ್ಯಾಹ್ನದ ಬಿಸಿಲನ್ನೂ ಟೋಪಿ ಹಾಕಿಕೊಂಡು ತಡೆಯಬಹುದು.

ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು. ಹೊರಡುವ ಮೊದಲೇ ನಾನೂ ನನ್ನ ಪತಿಯೂ ಕೂತು ಒಂದು ಕಟ್ಟುಪಾಡು ಮಾಡಿಕೊಂಡೆವು: ದಿನಕ್ಕೆ ಒಂದೇ ದೊಡ್ಡ ಜಾಗ, ಅದೂ ಮಧ್ಯಾಹ್ನದ ಊಟಕ್ಕೆ ಮೊದಲು; ಊಟವಾದ ಮೇಲೆ ಎಲ್ಲರಿಗೂ ನಿದ್ದೆ; ಸಂಜೆಯ ಹೊತ್ತು ಮಕ್ಕಳು ಕರೆದ ಕಡೆಗೆ ನಾವು ಹೋಗುವುದು. ಈ ಕಡೆ ಬಂದವರು ಸಾಮಾನ್ಯವಾಗಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಒಂದೇ ಹಗಲಿನಲ್ಲಿ ಮುಗಿಸಿಬಿಡುತ್ತಾರೆ. ಮಕ್ಕಳಿರುವವರು ಹಾಗೆ ಮಾಡಬಾರದೆಂದು ಕಳಕಳಿಯಿಂದ ಹೇಳುತ್ತೇನೆ.

ಮೊದಲ ದಿನ: ಗದಗ, ಮಾಗಡಿ ಕೆರೆ, ಬನಶಂಕರಿ

ಬೆಂಗಳೂರಿನಿಂದ ರಾತ್ರಿಯ ರೈಲು ಹಿಡಿದು ಬೆಳಕು ಹರಿಯುವ ಹೊತ್ತಿಗೆ ಗದಗಿನಲ್ಲಿ ಇಳಿದೆವು. ಮುಂದಿನ ದಿನಗಳಿಗೆಲ್ಲ ಗೊತ್ತುಮಾಡಿದ್ದ ಕಾರು ನಿಲ್ದಾಣದ ಹೊರಗೆ ಕಾಯುತ್ತಿತ್ತು. ಚಾಲಕರು ಅಲ್ಲಿಯವರೇ, ಐವತ್ತು ದಾಟಿದವರು, ಮೊಮ್ಮಕ್ಕಳಿರುವವರು. ಮಕ್ಕಳ ಮುಖ ನೋಡಿದವರೇ, "ಮೊದಲ ಏನರ ಬಿಸೀದು ತಿನಸ್ರಿ, ಆಮ್ಯಾಲೆ ಹೊರಡೂನು" ಎಂದು ನಮ್ಮನ್ನು ಒಂದು ಸಣ್ಣ ಹೋಟೆಲಿಗೆ ಕರೆದೊಯ್ದರು. ಮಂಡಕ್ಕಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ, ಈರುಳ್ಳಿ, ಹಸಿಮೆಣಸಿನಕಾಯಿ, ಪುಟಾಣಿ ಹಿಟ್ಟು ಹಾಕಿ ಒಗ್ಗರಣೆ ಕೊಟ್ಟ ಸೂಸಲ ನಮಗೆ. ಮಕ್ಕಳಿಗೆ ಉಪ್ಪಿಟ್ಟು, ಬಿಸಿ ಹಾಲು.

ಮಾಗಡಿ ಕೆರೆ ಎಂದೊಡನೆ ಬೆಂಗಳೂರಿನ ಬಂಧುಗಳೆಲ್ಲ ಬೇರೊಂದು ಮಾಗಡಿಯನ್ನು ನೆನೆಯುತ್ತಾರೆ. ಇದು ಗದಗ ಜಿಲ್ಲೆಯ ಶಿರಹಟ್ಟಿಯ ಹತ್ತಿರದ್ದು, ಗದಗಿನಿಂದ ಸುಮಾರು 26 ಕಿ.ಮೀ. ಚಳಿಗಾಲದಲ್ಲಿ ಇಲ್ಲಿಗೆ ಪಟ್ಟೆ ತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಮಂಗೋಲಿಯ, ಟಿಬೆಟ್ ಕಡೆಯಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳು ಇವು. 2024ರಲ್ಲಿ ಈ ಕೆರೆ, ಜಗತ್ತಿನ ಮಹತ್ವದ ಜೌಗು ನೆಲಗಳನ್ನು ಗುರುತಿಸುವ ರಾಮ್ಸಾರ್ ಪಟ್ಟಿಗೆ ಸೇರಿತು.

ನಾವು ತಲುಪಿದಾಗ ನೀರಿನ ಮೇಲೆ ಕೆಲವು ಬಾತುಗಳು ಮಾತ್ರ ಇದ್ದವು. ಇಷ್ಟು ದೂರ ಕರೆದುಕೊಂಡು ಬಂದು ಮಕ್ಕಳಿಗೆ ಏನು ತೋರಿಸುವುದೆಂದು ಯೋಚಿಸುತ್ತಿರುವಾಗ, ಏರಿಯ ಮೇಲೆ ಕುರಿ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಿಂತು, "ಹೊಲಕ್ಕ ಮೇಯಾಕ ಹೋಗ್ಯಾವ್ರಿ. ಬಿಸಲು ಏರಲಿ, ತಾವಽ ಬರತಾವು" ಎಂದರು. ಹೆಬ್ಬಾತುಗಳು ಕಡಲೆ, ಶೇಂಗಾ ಹೊಲಗಳಲ್ಲಿ ಮೇದು ಹಗಲಿನ ವಿಶ್ರಾಂತಿಗೆ ಕೆರೆಗೆ ಮರಳುತ್ತವೆ. ಬೆಳೆ ತಿನ್ನುವ ಹಕ್ಕಿಗಳ ಮೇಲೆ ಸಿಟ್ಟು ಬರುವುದಿಲ್ಲವೇ ಎಂದು ನನ್ನ ಪತಿ ಕೇಳಿದರು. "ಎಷ್ಟ್ ತಿಂದಾವ್ರಿ? ಅವು ಬಂದ ವರ್ಷ ಕೆರಿ ತುಂಬಿರತೈತಿ, ಕೆರಿ ತುಂಬಿದ್ರ ನಮ್ಮ ಹೊಟ್ಟಿ ತುಂಬತೈತಿ" ಎಂಬ ಉತ್ತರ ಬಂತು.

ಅರ್ಧ ಗಂಟೆ ಕಳೆದಿರಬಹುದು. ಮೊದಲು ಸದ್ದು ಕೇಳಿಸಿತು, ಆಮೇಲೆ ಉತ್ತರದ ಆಕಾಶದಲ್ಲಿ ಒಂದು ಗೆರೆ, ಅದರ ಹಿಂದೆ ಇನ್ನೊಂದು. ನಮ್ಮ ತಲೆಯ ಮೇಲೆ ಬಂದಾಗ ರೆಕ್ಕೆಗಳ ಗಾಳಿಯ ಸದ್ದೂ ಬೇರೆಯಾಗಿ ಕಿವಿಗೆ ಬಿತ್ತು. ಗುಂಪು ಗುಂಪಾಗಿ ಇಳಿದು, ಕಾಲು ಮುಂದಕ್ಕೆ ಚಾಚಿ ನೀರನ್ನು ಸೀಳಿ ನಿಂತವು. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುವುದನ್ನು ಮಗಳು ದುರ್ಬೀನಿನಲ್ಲಿ ತಾನಾಗಿಯೇ ಕಂಡುಕೊಂಡಳು. ಮಕ್ಕಳ ಕೈಗೆ ಹಗುರವಾದ ಒಂದು ದುರ್ಬೀನು ಕೊಟ್ಟುಬಿಟ್ಟರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ; ಮೊಬೈಲು ಯಾರ ನೆನಪಿಗೂ ಬರಲಿಲ್ಲ.

ಮಗ ಮಾತ್ರ ಹಕ್ಕಿಗಳ ಹತ್ತಿರಕ್ಕೆ ಹೋಗುವ ಆಸೆಯಿಂದ ಕೆರೆಯಂಚಿನ ಹಸಿ ಮಣ್ಣಿಗೆ ಕಾಲಿಟ್ಟ. ಅದು ಎರೆಮಣ್ಣು. ಎತ್ತಿಕೊಂಡಾಗ ಮಗು ಬಂತು, ಒಂದು ಬೂಟು ಮಣ್ಣಿನಲ್ಲಿ ಉಳಿಯಿತು. ಕುರಿಯ ಹಿರಿಯರು ತಮ್ಮ ಕೋಲಿನಿಂದ ಮಣ್ಣು ಬಿಡಿಸಿ ಅದನ್ನು ಎತ್ತಿಕೊಟ್ಟು, "ಎರಿ ಹಿಡೀತಂದ್ರ ಎತ್ತನ್ನೂ ಬಿಡೂದಿಲ್ಲೋ ತಮ್ಮಾ" ಎಂದು ಅವನ ಗಲ್ಲ ಹಿಡಿದು ಮಾತನಾಡಿಸಿದರು. ಆ ಬೂಟು ಒಣಗಲು ಎರಡು ಹಗಲು ಬೇಕಾಯಿತು. ಮಕ್ಕಳಿಗೆ ಇನ್ನೊಂದು ಜೊತೆ ಚಪ್ಪಲಿ ಇಟ್ಟುಕೊಂಡಿದ್ದರಿಂದ ತೊಂದರೆಯಾಗಲಿಲ್ಲ.

ಗದಗಿಗೆ ಮರಳಿ ರೋಣದ ಮಾರ್ಗವಾಗಿ ಬಾದಾಮಿಯ ಕಡೆ ಹೊರಟೆವು. ರಸ್ತೆಯ ಎರಡೂ ಬದಿ ಕಣ್ಣು ಹಾಯುವವರೆಗೆ ಕಪ್ಪು ನೆಲ, ಅದರ ಮೇಲೆ ಕಡಲೆ, ಬಿಳಿಜೋಳ, ನಡುನಡುವೆ ಕುಸುಬೆಯ ಸಾಲು. ಬಾದಾಮಿ ಇನ್ನು 5 ಕಿ.ಮೀ. ಇರುವಾಗ ಬನಶಂಕರಿ ಸಿಕ್ಕಿತು. ದೇವಿಯ ದರ್ಶನ ಮಾಡಿ, ಹರಿದ್ರಾತೀರ್ಥದ ಸುತ್ತಲಿನ ಕಲ್ಲಿನ ಸಾಲುಮಂಟಪದ ನೆರಳಿಗೆ ಬಂದೆವು. ಗುಡಿಯ ಬಳಿ ಸುತ್ತಲ ಹಳ್ಳಿಗಳ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಮೊಸರು ತಂದು ಕೂತಿರುತ್ತಾರೆ. ಇದಕ್ಕಿಂತ ಒಳ್ಳೆಯ ಊಟ ಇಡೀ ಪ್ರವಾಸದಲ್ಲಿ ನಮಗೆ ಸಿಗಲಿಲ್ಲ ಎಂದರೆ ಸುಳ್ಳಾಗದು. ಕೈಯಗಲದ ರೊಟ್ಟಿಯ ಮೇಲೆಯೇ ಬದನೆಕಾಯಿ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಕೆಂಪು ಖಾರ. ಮಕ್ಕಳಿಗೆ ಏನು ಕೊಡುವುದೆಂದು ನಾನು ನೋಡುತ್ತಿರುವಾಗ ಅಜ್ಜಿಯೇ ಸಣ್ಣ ಬಟ್ಟಲು ಎತ್ತಿಕೊಂಡು, "ಸಣ್ಣವರಿಗೆ ಖಾರ ಹಚ್ಚಬ್ಯಾಡ ಯವ್ವಾ. ಮೊಸರಾಗ ರೊಟ್ಟಿ ಮುರದು ಹಾಕು, ಸ್ವಲ್ಪ ಹೊತ್ತು ನೆನೀಲಿ" ಎಂದು ತಾವೇ ಮುರಿದು ಕಲೆಸಿಕೊಟ್ಟರು. ಗಟ್ಟಿ ಮೊಸರಿನಲ್ಲಿ ನೆನೆದ ರೊಟ್ಟಿಯನ್ನು ಇಬ್ಬರೂ ಬಟ್ಟಲು ಒರೆಸಿ ತಿಂದರು. ಮುಂದೆ ಯಾವ ಖಾನಾವಳಿಗೆ ಹೋದರೂ ಮಕ್ಕಳಿಗೆ ಅದನ್ನೇ ಕೇಳಿದೆವು; ಎಲ್ಲಿಯೂ ಯಾರೂ ಇಲ್ಲವೆನ್ನಲಿಲ್ಲ.

ಎರಡನೆಯ ದಿನ: ಬಾದಾಮಿ

ಬೆಳಿಗ್ಗೆ ಸ್ವೆಟರ್, ಹನ್ನೊಂದು ಗಂಟೆಗೆ ತೆಳು ಅಂಗಿ. ಈ ಸೀಮೆಯ ಚಳಿ ಒಣ ಚಳಿ. ಮಲೆನಾಡಿನ ಚಳಿಯಲ್ಲಿ ಬೆಳೆದ ನನಗೂ ಒಂದೇ ರಾತ್ರಿಗೆ ತುಟಿ ಒಡೆಯಿತು. ಮಕ್ಕಳ ಕೆನ್ನೆ, ತುಟಿಗಳಿಗೆ ಮಲಗುವ ಮುನ್ನ ಕೊಬ್ಬರಿ ಎಣ್ಣೆ ಹಚ್ಚುವುದನ್ನು ಮರೆಯದಿದ್ದರೆ ಒಳ್ಳೆಯದು.

ಗುಹಾಲಯಗಳ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದೆವು. ಹದಿನೈದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ದಕ್ಷಿಣದ ಬೆಟ್ಟದಲ್ಲಿ ಕೊರೆದ ಗುಹೆಗಳಾದ್ದರಿಂದ, ಸೂರ್ಯ ದಕ್ಷಿಣಕ್ಕೆ ವಾಲಿರುವ ಈ ದಿನಗಳಲ್ಲಿ ಬಂಡೆಯ ನೆರಳು ಅಂಗಳದ ಮೇಲೆಯೇ ಇತ್ತು.

ಮೊದಲ ಗುಹೆಯ ಹೊರಗೆ ಹದಿನೆಂಟು ತೋಳುಗಳ ನಟರಾಜನಿದ್ದಾನೆ. ನಾವು ನೋಡಲು ಬಂದದ್ದು ಅವನನ್ನೇ. ಮಗಳು ಒಂದೊಂದೇ ತೋಳನ್ನು ಎಣಿಸಿ, ಎರಡು ಸಲ ಹದಿನೇಳು ಬಂದು, ಮೂರನೆಯ ಸಲ ಹದಿನೆಂಟಕ್ಕೆ ಮುಟ್ಟಿದಳು. ಮಗನಿಗೆ ನಟರಾಜ ಬೇಕಿರಲಿಲ್ಲ. ಅವನು ಗುಹೆಯ ಜಗಲಿಯ ಅಡಿಯಲ್ಲಿ ಕುಕ್ಕರಗಾಲಿನಲ್ಲಿ ಕೂತುಬಿಟ್ಟಿದ್ದ. ಹೋಗಿ ನೋಡಿದರೆ ಅಲ್ಲಿ ಗಣಗಳ ಸಾಲು. ಡೊಳ್ಳು ಹೊಟ್ಟೆ, ಗಿಡ್ಡ ಕಾಲು. ಒಬ್ಬ ಕುಣಿಯುತ್ತಿದ್ದಾನೆ, ಇನ್ನೊಬ್ಬ ಕೈಯೆತ್ತಿ ಏನೋ ಹೇಳುತ್ತಿದ್ದಾನೆ, ಕೆಲವರಿಗೆ ಪ್ರಾಣಿಗಳ ಮುಖ. ದೊಡ್ಡವರ ದೃಷ್ಟಿ ಈ ಸಾಲಿನ ಮೇಲಿಂದ ಹಾದು ನೇರವಾಗಿ ದೇವರ ಬಳಿಗೆ ಹೋಗುತ್ತದೆ. ನಾಲ್ಕು ವರ್ಷದವನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಇರುವುದು ಗಣಗಳೇ. ಅವನು ಒಂದು ಗಣದ ಮುಂದೆ ನಿಂತು ಅದರಂತೆಯೇ ಸೊಂಟ ಓರೆಮಾಡಿದ, ಮುಂದಿನದಕ್ಕೆ ಸರಿದು ಕೈ ಮೇಲೆತ್ತಿದ. ಮಗಳೂ ಎಣಿಕೆ ಬಿಟ್ಟು ಬಂದು ಸೇರಿಕೊಂಡಳು. ಆರನೆಯ ಶತಮಾನದ ಶಿಲ್ಪಿ ಈ ಗಣಗಳನ್ನು ಮಕ್ಕಳಿಗಾಗಿ ಕೆತ್ತಿರಲಾರ, ಆದರೆ ನಗುನಗುತ್ತ ಕೆತ್ತಿದ್ದಾನೆಂಬುದರಲ್ಲಿ ನನಗೆ ಸಂಶಯವಿಲ್ಲ. ಅಲ್ಲಿಂದ ಮುಂದೆ ಯಾವ ಗುಡಿಗೆ ಹೋದರೂ ನಾವು ಮೊದಲು ಕೆಳಗಿನ ಪಟ್ಟಿಕೆಯನ್ನೇ ನೋಡತೊಡಗಿದೆವು, ಮೂವತ್ತು ದಾಟಿದ ನಾವಿಬ್ಬರೂ ಮಂಡಿಯೂರಿ ಕೂತು.

ಎರಡನೆಯ ಗುಹೆಯ ತ್ರಿವಿಕ್ರಮನು ಕಾಲನ್ನು ಆಕಾಶಕ್ಕೆತ್ತಿ ನಿಂತ ಬಗೆಯೂ ಮಕ್ಕಳಿಗೆ ಹಿಡಿಸಿತು, ಏಕೆಂದರೆ ಬಲಿಯ ಕಥೆ ಅವರಿಗೆ ಗೊತ್ತಿತ್ತು. ಹೋಗುವ ಮೊದಲು ರಾತ್ರಿಗೊಂದರಂತೆ ವಾಮನ, ವರಾಹ, ನರಸಿಂಹರ ಕಥೆಗಳನ್ನು ಹೇಳಿಟ್ಟರೆ ಗೈಡಿನ ಅಗತ್ಯವೇ ಬೀಳದು. ಮಕ್ಕಳೇ ಗುರುತಿಸಿ ನಮಗೆ ಹೇಳುತ್ತಾರೆ. ಮೂರನೆಯ ಗುಹೆ ಎಲ್ಲಕ್ಕಿಂತ ದೊಡ್ಡದು. ಚಾಲುಕ್ಯ ಮಂಗಲೇಶನ ಶಾಸನ ಇಲ್ಲಿದ್ದು ಅದರ ಕಾಲ ಶಕ 500, ಅಂದರೆ ಕ್ರಿ.ಶ. 578. ಹಾವಿನ ಸುರುಳಿಯ ಮೇಲೆ ಕುಳಿತ ವಿಷ್ಣುವಿನ ಮುಂದೆ ನಾನು ಬಹಳ ಹೊತ್ತು ನಿಲ್ಲಬೇಕೆಂದಿದ್ದೆ; ಅಷ್ಟರಲ್ಲಿ ಹೊರಗೆ ಮಗನ ಕೂಗು.

ಕೋತಿಯೊಂದು ಅವನ ಉಣ್ಣೆಯ ಟೋಪಿಯನ್ನು ತಲೆಯಿಂದಲೇ ಕಿತ್ತುಕೊಂಡು ಬಂಡೆ ಏರಿತ್ತು. ಬಾದಾಮಿಯ ಕೋತಿಗಳು ತಿಂಡಿಯ ಪೊಟ್ಟಣ, ಪ್ಲಾಸ್ಟಿಕ್ ಚೀಲಗಳನ್ನು ಬಿಡುವುದಿಲ್ಲವೆಂದು ಗೊತ್ತಿದ್ದರಿಂದ ನಾವು ಕೈಯಲ್ಲಿ ಏನನ್ನೂ ಹಿಡಿದಿರಲಿಲ್ಲ. ಕಾವಲುಗಾರರು ಕೋಲು ತಟ್ಟುತ್ತ ಬಂದರು. ಕೋತಿ ಟೋಪಿಯನ್ನು ಮೂಸಿ, ಹಿಂದೆಮುಂದೆ ತಿರುಗಿಸಿ, ತಿನ್ನುವ ವಸ್ತುವಲ್ಲವೆಂದು ತೀರ್ಮಾನಿಸಿ ಕೆಳಕ್ಕೆ ಬಿಟ್ಟಿತು. "ಅಂಜಬ್ಯಾಡ ಸಣ್ಣಪ್ಪ, ಅದಕ್ಕೂ ಚಳಿ ಆಗಿತ್ತು" ಎಂದು ಕಾವಲುಗಾರರು ಹೇಳಿದ ಮಾತಿಗೆ ಅಳು ನಿಂತಿತು. ಆ ಕಾರಣವನ್ನು ಮಗ ಪೂರ್ತಿಯಾಗಿ ನಂಬಿದ್ದಾನೆ.

ಮಧ್ಯಾಹ್ನ ನಿದ್ದೆಯಾದ ಮೇಲೆ ಅಗಸ್ತ್ಯತೀರ್ಥದ ದಂಡೆಗೆ ಹೋದೆವು. ಹೆಂಗಸರು ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದರು. ಒಂದು ಒಗೆತದ ಸದ್ದು ಎದುರಿನ ಬಂಡೆಗೆ ತಾಗಿ ಎರಡಾಗಿ ಮರಳುತ್ತಿತ್ತು. ಇಳಿಬಿಸಿಲಿಗೆ ಬೆಟ್ಟಗಳು ಇಟ್ಟಿಗೆಯ ಬಣ್ಣದಿಂದ ಕೆಂಡದ ಬಣ್ಣಕ್ಕೆ ತಿರುಗುವುದನ್ನು ಭೂತನಾಥನ ಗುಡಿಯ ಜಗಲಿಯಲ್ಲಿ ಕೂತು ನೋಡಿದೆವು. ಕೆರೆಯ ಆಚೆ ಬದಿಯ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಕ್ರಿ.ಶ. 700ರ ಸುಮಾರಿನ ಈ ಶಾಸನದಲ್ಲಿ ಕನ್ನಡದ ಅತಿ ಹಳೆಯ ತ್ರಿಪದಿಗಳಿವೆ. ಮಗಳಿಗೆ ಅದನ್ನು ಓದಲು ಬರುವುದಿಲ್ಲ, ನಮಗೂ ಬರುವುದಿಲ್ಲ. ಆದರೂ ಅಕ್ಷರಗಳ ನಡುವೆ 'ರ' ಎಂದು ತೋರುವ ಒಂದು ಗುಂಡನ್ನು ಹುಡುಕಿಕೊಂಡು ಅವಳು ಸಂತೋಷಪಟ್ಟಳು.

ಮೂರನೆಯ ದಿನ: ಪಟ್ಟದಕಲ್ಲು, ಮಹಾಕೂಟ

ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ. ಹೊಲಗಳ ಮೇಲೆ ಮಂಜಿನ ತೆಳು ಪದರ ಇನ್ನೂ ಇತ್ತು. ಎತ್ತಿನ ಗಾಡಿಗಳಲ್ಲಿ ಹತ್ತಿಯ ಅಂಡಿಗೆಗಳು ಹೋಗುತ್ತಿದ್ದವು.

ಡಿಸೆಂಬರ್ ಎಂದರೆ ನಮ್ಮ ರಾಜ್ಯದ ಶಾಲೆಗಳಿಗೆ ಶೈಕ್ಷಣಿಕ ಪ್ರವಾಸದ ತಿಂಗಳು. ಒಂಬತ್ತು ಗಂಟೆಗೆಲ್ಲ ಮೂರು ಬಸ್ಸುಗಳು ಬಂದು ನಿಂತವು, ಹುಲ್ಲುಹಾಸಿನ ತುಂಬ ಸಮವಸ್ತ್ರದ ಮಕ್ಕಳು. ಜನ ಕಡಿಮೆಯಿರಬೇಕೆನ್ನುವವರು ಬಾಗಿಲು ತೆರೆಯುವ ಮೊದಲೇ ಅಲ್ಲಿರಬೇಕು. ನನಗಂತೂ ಆ ಗದ್ದಲ ಇಷ್ಟವಾಯಿತು. ಯಾದಗಿರಿ ಕಡೆಯ ಸರಕಾರಿ ಶಾಲೆಯ ಹುಡುಗಿಯರ ಗುಂಪೊಂದು ನನ್ನ ಮಗಳನ್ನು ಎಳೆದುಕೊಂಡು ಹೋಗಿ ತಮ್ಮ ಸಾಲಿನಲ್ಲಿ ನಿಲ್ಲಿಸಿಕೊಂಡಿತು. ಅವರ ಶಿಕ್ಷಕಿ ನನ್ನ ಪಕ್ಕದಲ್ಲಿ ಕೂತು, ಹಿಂದಿನ ರಾತ್ರಿ ಬಸ್ಸಿನಲ್ಲಿಯೇ ಮಲಗಿದ್ದನ್ನೂ ಮಕ್ಕಳು ಮನೆಯಿಂದ ಕಟಕ್ ರೊಟ್ಟಿಯ ಗಂಟುಗಳನ್ನೇ ಹೊತ್ತು ತಂದಿದ್ದನ್ನೂ ಹೇಳಿದರು. "ಇವರಾಗ ಭಾಳ ಮಂದಿ ಊರು ಬಿಟ್ಟು ಹೊರಗ ಬಂದದ್ದು ಇದಽ ಮೊದಲ್ರಿ ಮೇಡಂ. ನಿನ್ನಿ ರೈಲು ನೋಡಿ ಎಲ್ಲಾರೂ ಎದ್ದು ನಿಂತ್ರು" ಎಂದರು. ಅವರು ಮಕ್ಕಳಿಗೆ ಪಾಠ ಹೇಳುತ್ತಿದ್ದ ರೀತಿ ಚೆನ್ನಾಗಿತ್ತು: ವಿರೂಪಾಕ್ಷ ದೇವಾಲಯವನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಪತಿ ಎರಡನೆಯ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದದ್ದಕ್ಕೆ, ಪಕ್ಕದ ಮಲ್ಲಿಕಾರ್ಜುನ ಗುಡಿ ತ್ರೈಲೋಕ್ಯಮಹಾದೇವಿಯದು, ಹಾಗಾದರೆ ಇಲ್ಲಿನ ಎರಡು ದೊಡ್ಡ ಗುಡಿಗಳನ್ನು ಮಾಡಿಸಿದವರು ಯಾರು? "ಹೆಣ್ಣಮಕ್ಕಳು!" ಎಂದು ಇಡೀ ಸಾಲು ಕೂಗಿತು, ನನ್ನ ಮಗಳ ದನಿಯೂ ಅದರಲ್ಲಿತ್ತು.

1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಅಂಗಳದಲ್ಲಿ ಕೆತ್ತಿದವರ ಹೆಸರೂ ಉಳಿದಿದೆ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ವಿರೂಪಾಕ್ಷದ ಶಿಲ್ಪಾಚಾರ್ಯ ಗುಂಡ ಅನಿವಾರಿತಾಚಾರಿ. ಅವನ ಹೆಸರು ಅಲ್ಲಿನ ಶಾಸನದಲ್ಲಿದೆ. ಪಾಪನಾಥ ಗುಡಿಯ ಹೊರಗೋಡೆಯ ಮೇಲೆ ರಾಮಾಯಣದ ಸಾಲು ಚಿತ್ರಗಳಿದ್ದು, ಪಾತ್ರಗಳ ಹೆಸರನ್ನೂ ಪಕ್ಕದಲ್ಲಿ ಕೊರೆದಿದ್ದಾರೆ. ಕಪಿಗಳನ್ನು ಕಂಡ ಮಗ, ಇವುಗಳಲ್ಲಿ ಟೋಪಿ ತೆಗೆದುಕೊಂಡದ್ದು ಯಾವುದೆಂದು ವಿಚಾರಿಸಿದ.

ವಿರೂಪಾಕ್ಷನ ಎದುರಿನ ಕರಿಯ ನಂದಿಯ ಕಿವಿಯಲ್ಲಿ ಇಬ್ಬರೂ ಏನೇನೋ ಹೇಳಿಕೊಂಡರು. ಊಟ ಮುಗಿಸಿ ಮಹಾಕೂಟಕ್ಕೆ ಹೋದೆವು, ಕಟ್ಟುಪಾಡಿನ ಪ್ರಕಾರ ಸಂಜೆಯ ಜಾಗ. ಮರಗಳ ನೆರಳಿನಲ್ಲಿ ಹಳೆಯ ಗುಡಿಗಳ ನಡುವೆ ಬುಗ್ಗೆಯ ನೀರಿನ ಪುಷ್ಕರಣಿ. ಊರಿನ ಹುಡುಗರು ಕಟ್ಟೆಯಿಂದ ಧುಮುಕುತ್ತಿದ್ದರು. ಮಕ್ಕಳು ಮೆಟ್ಟಿಲ ಮೇಲೆ ಕೂತು ಮೊಣಕಾಲವರೆಗೆ ನೀರಿಗಿಳಿಸಿಕೊಂಡರು. ಬಟ್ಟೆಯೊಂದು ಜೊತೆ, ಟವಲು ಇವನ್ನು ಕಾರಿನಿಂದ ಇಳಿಸಿಕೊಂಡೇ ಹೋಗುವುದು ಉತ್ತಮ, ಏಕೆಂದರೆ ಮೊಣಕಾಲವರೆಗೆ ಎಂದು ಆರಂಭವಾದದ್ದು ಅಲ್ಲಿಗೇ ನಿಲ್ಲುವುದಿಲ್ಲ.

ನಾಲ್ಕನೆಯ ದಿನ: ಐಹೊಳೆ, ಅಮೀನಗಡ, ಕೊಲ್ಹಾರ

ಐಹೊಳೆಯಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿವೆ. ನಾವು ನೋಡಿದ್ದು ಮೂರು. ಮಗ ಕಾರಿನಲ್ಲಿ ನಿದ್ದೆ ಹೋಗಿದ್ದರಿಂದ ಮೊದಲು ನಾನೂ ಮಗಳೂ ಮೇಗುತಿ ಬೆಟ್ಟ ಹತ್ತಿದೆವು. ಅಲ್ಲಿನ ಜಿನಾಲಯದ ಗೋಡೆಯಲ್ಲಿ ಇಮ್ಮಡಿ ಪುಲಿಕೇಶಿಯ ಆಸ್ಥಾನದ ರವಿಕೀರ್ತಿ ಬರೆದ ಶಾಸನವಿದೆ, ಕ್ರಿ.ಶ. 634ರದ್ದು. ಪುಲಿಕೇಶಿ ಹರ್ಷನನ್ನು ಸೋಲಿಸಿದ್ದನ್ನು ಹೇಳುವ ಕಲ್ಲು ಇದೇ, ಕಾಳಿದಾಸನ ಹೆಸರು ಬರುವುದೂ ಇದರಲ್ಲಿಯೇ. ಬೆಟ್ಟದ ಮೇಲಿನಿಂದ ಊರಿನ ಮಾಳಿಗೆಗಳು, ಅವುಗಳ ಸಂದಿಯಲ್ಲಿ ಗುಡಿಗಳು, ಆಚೆ ಮಲಪ್ರಭೆ ಕಾಣುತ್ತವೆ.

ಕೆಳಗೆ ಬರುವಷ್ಟರಲ್ಲಿ ಮಗ ಎದ್ದು ಸಿದ್ಧನಾಗಿದ್ದ. ದುರ್ಗ ಗುಡಿ ಚಿಕ್ಕ ಮಕ್ಕಳಿಗೆ ಹೇಳಿ ಮಾಡಿಸಿದ ಗುಡಿ. ಅದರ ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿದ್ದು, ಸುತ್ತಲೂ ಕಂಬಗಳ ಪ್ರದಕ್ಷಿಣಾಪಥವಿದೆ. ಮೂಲೆಯೇ ಇಲ್ಲದ ಆ ಓಣಿಯಲ್ಲಿ ಇಬ್ಬರೂ ಸುತ್ತಿದ್ದೇ ಸುತ್ತಿದ್ದು. ಪ್ರತಿ ಸುತ್ತಿನಲ್ಲೂ ಒಂದು ಗೂಡಿನ ಮುಂದೆ ನಿಲ್ಲಬೇಕೆಂದು ನನ್ನ ಪತಿ ನಿಯಮ ಮಾಡಿದರು: ಒಮ್ಮೆ ನರಸಿಂಹ, ಒಮ್ಮೆ ವರಾಹ, ಒಮ್ಮೆ ಮಹಿಷಮರ್ದಿನಿ. ಓಡಿದ ದಣಿವಿಗೆ ನಿಂತ ಮಕ್ಕಳು ಶಿಲ್ಪವನ್ನು ನಿಜವಾಗಿ ನೋಡುತ್ತಾರೆ. ನಿಂತೇ ಇರು ಎಂದಾಗ ಅವರು ನೋಡುವುದು ನಮ್ಮ ಮುಖವನ್ನು.

ಅಮೀನಗಡದಲ್ಲಿ ಕರದಂಟು ಕೊಂಡೆವು. ಬೆಲ್ಲದ ಪಾಕದಲ್ಲಿ ಅಂಟು, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ ಹಾಕಿ ಮಾಡಿದ ಗಟ್ಟಿ ಸಿಹಿ. ಮಗಳ ಮುಂದಿನ ಹಾಲುಹಲ್ಲು ಒಂದು ವಾರದಿಂದ ಅಲ್ಲಾಡುತ್ತಿತ್ತು. ಎರಡನೆಯ ಕಡಿತಕ್ಕೆ ಅದು ಕರದಂಟಿನಲ್ಲಿಯೇ ಉಳಿಯಿತು. ರಕ್ತ ಕಂಡು ಅಳಲು ಹೊರಟವಳನ್ನು ಚಾಲಕರು ಸಮಾಧಾನಪಡಿಸಿದರು: "ಛಲೋ ಆತು ಬಿಡು ತಂಗಿ. ಸಗಣಿ ಉಂಡ್ಯಾಗ ಇಟ್ಟು ಯಾವುದಾರ ಮಾಳಿಗಿ ಮ್ಯಾಲ ಒಗಿ, ಹೊಸಾದು ಮುತ್ತಿನಂಥಾದು ಬರತೈತಿ." ರಸ್ತೆಯ ಬದಿಯ ಮನೆಯವರ ಅಪ್ಪಣೆ ಪಡೆದು ಹಾಗೆಯೇ ಮಾಡಿದೆವು, ಆ ಮನೆಯ ಸೊಸೆ ಸಗಣಿಯ ಉಂಡೆಯನ್ನು ತಾನೇ ಮಾಡಿಕೊಟ್ಟು, ಮಗಳ ಬಾಯಿ ತೊಳೆಸಿ, ಕುಡಿಯಲು ಮಜ್ಜಿಗೆ ಕೊಟ್ಟಳು.

ಬಾಗಲಕೋಟೆ ದಾಟಿ, ಕೃಷ್ಣೆಯ ಉದ್ದನೆಯ ಸೇತುವೆ ದಾಟಿದರೆ ಕೊಲ್ಹಾರ. ಮಣ್ಣಿನ ಕುಡಿಕೆಯಲ್ಲಿ ಹೆಪ್ಪುಹಾಕಿದ ಇಲ್ಲಿಯ ಮೊಸರು ಹೆಸರುವಾಸಿ; ಕುಡಿಕೆ ಬೋರಲು ಹಾಕಿದರೂ ಬೀಳದೆಂದು ಮಾರುವವರು ಹಾಕಿ ತೋರಿಸಿದರು. ಅದನ್ನು ಹಿಡಿದುಕೊಂಡು ಮುಂದೆ ಹೋಗುತ್ತಿರುವಾಗ ಹೊಲವೊಂದರ ಅಂಚಿನಲ್ಲಿ ಹೊಗೆ ಕಾಣಿಸಿತು. ಚಾಲಕರು ಕಾರು ನಿಧಾನ ಮಾಡಿ, "ಸೀತನಿ ಸುಡಾಕತ್ತಾರ. ಇಳೀರಿ, ಇದು ಪ್ಯಾಟ್ಯಾಗ ಸಿಗೂದಿಲ್ಲ" ಎಂದರು.

ಹಾಲು ತುಂಬಿ ಇನ್ನೂ ಗಟ್ಟಿಯಾಗದ ಎಳೆಯ ಜೋಳದ ತೆನೆ ಸೀತನಿ. ಅದರ ಕಾಲ ಚಳಿಗಾಲದ ಕೆಲವೇ ವಾರ. ನೆಲದಲ್ಲಿ ಒಂದು ಸಣ್ಣ ಗುಂಡಿ, ಅದರಲ್ಲಿ ಕುಳ್ಳಿನ ಕೆಂಡ, ಕೆಂಡದೊಳಗೆ ತಲೆಕೆಳಗಾಗಿ ಚುಚ್ಚಿದ ತೆನೆಗಳು. ಮನೆಯ ಯಜಮಾನರು ಬೆಂದ ತೆನೆಯನ್ನು ಎತ್ತಿ, ಬೂದಿ ಕೊಡವಿ, ಎರಡು ಅಂಗೈಗಳ ನಡುವೆ ಹಾಕಿ ತಿಕ್ಕುತ್ತಿದ್ದರು. ಆ ಕೈಗಳಿಗೆ ಬಿಸಿ ತಾಗುತ್ತಿದ್ದಂತೆ ಕಾಣಲಿಲ್ಲ. ತಿಕ್ಕಿದಂತೆಲ್ಲ ಹಸಿರು ಕಾಳು ಹೊಟ್ಟಿನೊಡನೆ ಮೊರಕ್ಕೆ ಉದುರುತ್ತಿತ್ತು. ಅವರ ಮನೆಯವರು ಒಮ್ಮೆ ಕೇರಿದರೆ ಹೊಟ್ಟೆಲ್ಲ ಹಾರಿಹೋಗಿ ಹೊಳೆಯುವ ಕಾಳಷ್ಟೇ ಉಳಿಯುತ್ತಿತ್ತು. ಬೆಲ್ಲದ ತುಣುಕು, ಶೇಂಗಾ ಹಿಂಡಿ, ನಾವು ತಂದಿದ್ದ ಕೊಲ್ಹಾರದ ಮೊಸರು. ಹೊಗೆಯ ವಾಸನೆಯ ಆ ಸಿಹಿ ಕಾಳನ್ನು ಮಗಳು ಹಲ್ಲಿಲ್ಲದ ಬದಿಯನ್ನು ತಪ್ಪಿಸಿ ತಪ್ಪಿಸಿ ತಿಂದಳು. ದುಡ್ಡು ಕೊಡಹೋದರೆ ಯಜಮಾನರಿಗೆ ಬೇಸರವೇ ಆಯಿತು. "ಹೊಲಕ್ಕ ಬಂದವರಿಗೆ ತಿನಸೂದಽ ಪದ್ಧತಿ ಐತ್ರಿ ಅಕ್ಕಾರ. ಹುಡುಗರು ತಿಂದ್ರ ಹೊಲಕ್ಕ ಛಲೋ" ಎಂದರು. ನಾವು ಅಮೀನಗಡದ ಒಂದು ಡಬ್ಬಿ ಕರದಂಟನ್ನು ಅವರ ಮಕ್ಕಳ ಕೈಗಿತ್ತು ಹೊರಟೆವು.

ಐದನೆಯ ದಿನ: ವಿಜಯಪುರ

ಈ ಊರಿನ ಚಳಿ ಬೇರೆ. ಡಿಸೆಂಬರಿನ ಬೆಳಗಿನ ಜಾವ ಉಷ್ಣಾಂಶ 10 ಡಿಗ್ರಿಯ ಸುಮಾರಿಗೆ ಇಳಿಯುವುದುಂಟು. ಆದರೂ ಮಕ್ಕಳನ್ನು ಎಬ್ಬಿಸಿ, ಕಂಬಳಿ ಹೊದಿಸಿ, ಬೇಗನೆ ಗೋಳಗುಮ್ಮಟಕ್ಕೆ ಕರೆದೊಯ್ದೆವು. ಕಾರಣ ಅಲ್ಲಿನ ಪಿಸುಗುಟ್ಟುವ ಮೊಗಸಾಲೆ. ಪ್ರವಾಸದ ಬಸ್ಸುಗಳು ಬಂದ ಮೇಲೆ ಅದು ಕೂಗುವ ಮೊಗಸಾಲೆಯಾಗುತ್ತದೆ.

ಮೂಲೆಯ ಗೋಪುರದೊಳಗಿನ ಮೆಟ್ಟಿಲುಗಳು ಇಕ್ಕಟ್ಟು, ಎತ್ತರ. ಏಳು ಅಂತಸ್ತು ಹತ್ತಬೇಕು. ಮಗನನ್ನು ಅರ್ಧ ದಾರಿ ನಡೆಸಿ, ಅರ್ಧ ದಾರಿ ಬೆನ್ನಿಗೆ ಕಟ್ಟಿಕೊಂಡೆವು. ಚಿಕ್ಕವರಿರುವವರು ಎತ್ತಿಕೊಳ್ಳುವ ಚೀಲವನ್ನು ತರುವುದು ಲೇಸು, ಕೈಗಳೆರಡೂ ಗೋಡೆ ಹಿಡಿಯಲು ಬೇಕಾಗುತ್ತವೆ. ಮೇಲೆ ಹೋದರೆ ಹೊರವ್ಯಾಸ 44 ಮೀಟರಿನ ಗುಮ್ಮಟದ ಒಳಗೋಡೆಗೆ ಅಂಟಿಕೊಂಡ ದುಂಡು ಮೊಗಸಾಲೆ. ಕೆಳಗೆ, ಬಹಳ ಕೆಳಗೆ, ಮುಹಮ್ಮದ್ ಆದಿಲ್ ಶಾಹನ ಗೋರಿ. ಅವನು ತೀರಿಕೊಂಡ 1656ರ ಹೊತ್ತಿಗೆ ಈ ಕಟ್ಟಡ ಇಷ್ಟು ಎದ್ದು ನಿಂತಿತ್ತು. ನಡುವೆ ಒಂದು ಕಂಬವಿಲ್ಲದೆ, ಒಂದನ್ನೊಂದು ಹಾಯ್ದು ಹೋಗುವ ಕಮಾನುಗಳ ಮೇಲೆ ಇಡೀ ಭಾರ ಕೂತಿದೆ.

ನನ್ನ ಪತಿ ಮತ್ತು ಮಗಳು ಎದುರು ಬದಿಗೆ ನಡೆದುಹೋದರು. ನಾನು ಗೋಡೆಗೆ ಕಿವಿಯಿಟ್ಟು ಕೂತೆ. ಮಗಳ ಪಿಸುಮಾತು ನನ್ನ ಕಿವಿಯ ಪಕ್ಕದಲ್ಲಿಯೇ ಇದ್ದವಳದಂತೆ ಬಂತು: "ಅಮ್ಮಾ, ನಾಳೆ ಶಾಲೆಗೆ ಹೋಗಲೇಬೇಕಾ?" ಹಲ್ಲು ಬಿದ್ದದ್ದರಿಂದ 'ಶಾಲೆ'ಯ ಉಚ್ಚಾರದಲ್ಲಿ ಹೊರಟ ಗಾಳಿಯೂ ಸ್ಪಷ್ಟವಾಗಿ ಕೇಳಿಸಿತು. ನಾಡಿದ್ದು ಎಂದು ನಾನು ಉತ್ತರಿಸಿದೆ. ಅಷ್ಟರಲ್ಲಿ ಒಂದು ಶಾಲೆಯ ಮಕ್ಕಳು ಮೇಲೆ ಬಂದರು, ಒಂದು ಸೀಟಿ ಹತ್ತಾಗಿ ಸುತ್ತಿತು, ಮಗ ಬೆದರಿ ನನ್ನ ದುಪಟ್ಟಾದೊಳಗೆ ಮುಖ ಹುದುಗಿಸಿದ. ಕೂಡಲೇ ಹೊರಗಿನ ಮಾಳಿಗೆಗೆ ಕರೆದುಕೊಂಡು ಹೋಗಿ ಊರು ತೋರಿಸಿದೆ. ಶಬ್ದಕ್ಕೆ ಹೆದರುವ ಮಕ್ಕಳಿದ್ದರೆ ಈ ಹೊರದಾರಿಯನ್ನು ಮೊದಲೇ ನೋಡಿಟ್ಟುಕೊಳ್ಳಿ.

ಸಂಜೆ ಮಕ್ಕಳ ಬೇಡಿಕೆಯಂತೆ ಟಾಂಗಾ. ಕುದುರೆಯ ಕೊರಳ ಗೆಜ್ಜೆಯ ಸದ್ದಿನಲ್ಲಿ ಇಬ್ರಾಹಿಂ ರೋಜಾದ ನೆರಳು ಬೆಳಕಿನ ಅಂಗಳ ನೋಡಿ, ಅಲ್ಲಿಂದ ಮಲಿಕ್-ಎ-ಮೈದಾನ್ ತೋಪಿನ ಬಳಿಗೆ ಬಂದೆವು. ಸುಮಾರು 55 ಟನ್ ತೂಕದ ಆ ತೋಪಿನ ಬಾಯಿ ಸಿಂಹದ ಮುಖದ ಆಕಾರದ್ದು, ಅದರ ಕೋರೆಗಳ ನಡುವೆ ಸಿಕ್ಕಿಬಿದ್ದ ಪುಟ್ಟ ಆನೆ. ಬಾದಾಮಿಯ ಅಭ್ಯಾಸ ಬಿಡದ ಮಗ ಬಗ್ಗಿ ಕೆಳಗಿನಿಂದ ನೋಡಿ ಆನೆಯನ್ನು ಎಲ್ಲರಿಗಿಂತ ಮೊದಲು ಕಂಡುಹಿಡಿದ.

ನಿಲ್ದಾಣಕ್ಕೆ ಬಿಡುವಾಗ ಟಾಂಗಾದವರು, ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆ, ದನಗಳ ಸಂತೆ, ಮದ್ದು ಸುಡುವುದು ಎಲ್ಲ ಇರುತ್ತದೆ, ಮಕ್ಕಳನ್ನು ಕರೆದುಕೊಂಡು ಬರಬೇಕೆಂದು ಒತ್ತಾಯ ಮಾಡಿದರು. ಸಂಕ್ರಾಂತಿಗೆ ಶಾಲೆಗೆ ಎಷ್ಟು ದಿನ ರಜೆಯೆಂದು ಮಗಳು ಕೇಳಿದಳು. ಒಂದೇ ದಿನ ಎಂದೆವು. ಹಾಗಾದರೆ ಯಾವ ವರ್ಷ ಅದು ಶನಿವಾರವೋ ಸೋಮವಾರವೋ ಬರುತ್ತದೆಂದು ಅವಳ ಅಪ್ಪ ರೈಲು ಹತ್ತುವ ಮೊದಲೇ ಪಂಚಾಂಗ ತೆಗೆದು ನೋಡಿದರು.